ವ್ಯಸನಮುಕ್ತಿಯೂ ಸ್ಥಿತೀಕರಣ ಧರ್ಮವೂ

ಜೂಜು, ಮಾಂಸ, ಮದ್ಯ, ವೇಶ್ಯಾಗಮನ, ಬೇಟೆ, ಕಳ್ಳತನ, ಪರಸ್ತ್ರೀಗಮನ – ಈ ಏಳನ್ನು ಜೈನಾಚಾರ್ಯರು ಸಪ್ತವ್ಯಸನಗಳೆಂದು ಕರೆದು, ಶ್ರಾವಕನು ಇವನ್ನು ತ್ಯಜಿಸಬೇಕೆಂದು ಹೇಳಿದ್ದಾರೆ. ಹೀಗಿರುವಾಗ ಜೈನ ಮನೆಯಲ್ಲಿ ಒಬ್ಬರು ಕುಡಿತಕ್ಕೋ ಆನ್‌ಲೈನ್ ಜೂಜಿಗೋ ಬಿದ್ದರೆ, ಮನೆಯವರಿಗೆ ದುಃಖದಷ್ಟೇ ನಾಚಿಕೆಯೂ ಕಾಡುತ್ತದೆ. ವಿಷಯ ಮುಚ್ಚಿಟ್ಟಷ್ಟೂ ಚಿಕಿತ್ಸೆ ತಡವಾಗುತ್ತದೆ.

ಜಾರಿದವರನ್ನು ಹೇಗೆ ಕಾಣಬೇಕೆಂಬುದನ್ನೂ ಧರ್ಮ ತಿಳಿಸಿದೆ. ಸಮ್ಯಗ್ದರ್ಶನದ 8 ಅಂಗಗಳಲ್ಲಿ ಸ್ಥಿತೀಕರಣವೂ ಒಂದು. ಸನ್ಮಾರ್ಗದಿಂದ ಜಾರುತ್ತಿರುವವರನ್ನು ಮತ್ತೆ ಅದರಲ್ಲಿ ನೆಲೆಗೊಳಿಸುವುದೇ ಸ್ಥಿತೀಕರಣ. ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದಕ್ಕೆ ವಾರಿಷೇಣನನ್ನು ಹೆಸರಿಸಿದ್ದಾರೆ. ಶ್ರೇಣಿಕ ರಾಜನ ಮಗನಾದ ವಾರಿಷೇಣ ಮುನಿಗಳು, ದೀಕ್ಷೆ ಪಡೆದ ಮೇಲೂ ಹೆಂಡತಿಯ ನೆನಪಿನಲ್ಲಿ ಕೊರಗುತ್ತಿದ್ದ ಗೆಳೆಯನನ್ನು ಹೊರಗಟ್ಟಲಿಲ್ಲ. ತಾವು ತೊರೆದ ಅರಮನೆಗೆ ಕರೆದೊಯ್ದು, ತ್ಯಾಗದ ಅರ್ಥ ಅವನಿಗೇ ಹೊಳೆಯುವಂತೆ ಮಾಡಿದರು.

ಉಪಗೂಹನವೆಂಬ ಇನ್ನೊಂದು ಅಂಗವನ್ನು ಇಲ್ಲಿ ಸರಿಯಾಗಿ ತಿಳಿಯಬೇಕು. ಒಬ್ಬರ ದೋಷವನ್ನು ಊರಿಗೆಲ್ಲ ಸಾರಬಾರದು ನಿಜ. ಆದರೆ ಕುಡಿದು ಮಲಗಿದವರ ಪರವಾಗಿ ಕಚೇರಿಗೆ ಸುಳ್ಳು ಹೇಳುವುದು, ಜೂಜಿನ ಸಾಲವನ್ನು ಮತ್ತೆ ಮತ್ತೆ ತೀರಿಸುವುದು ಉಪಗೂಹನವಾಗದು. ಅದರಿಂದ ವ್ಯಸನವೇ ಬೆಳೆಯುತ್ತದೆ. ವೈದ್ಯರ ಮುಂದಂತೂ ಏನನ್ನೂ ಮುಚ್ಚಿಡಬಾರದು.

ವ್ಯಸನವು ಚಿಕಿತ್ಸೆ ಇರುವ ಕಾಯಿಲೆ. ಬಸದಿಯಲ್ಲಿ ತೊಡುವ ಸಂಕಲ್ಪ ಮನಸ್ಸಿಗೆ ಬಲ ಕೊಡುತ್ತದೆ. ಆದರೆ ಬಹುಕಾಲ ನಿತ್ಯ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಫಿಟ್ಸ್, ಭ್ರಮೆ ಕಾಣಿಸಿಕೊಂಡು ಜೀವಕ್ಕೇ ಅಪಾಯವಾಗಬಹುದು. ಆದ್ದರಿಂದ ವ್ರತದ ಜೊತೆಗೆ ವೈದ್ಯರ ನಿಗಾ ಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಧರ್ಮಸ್ಥಳದ ಧರ್ಮಾಧಿಕಾರಿ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಮಾರ್ಗದರ್ಶನದಲ್ಲಿ ಜನಜಾಗೃತಿ ವೇದಿಕೆಯು ರಾಜ್ಯದ ಹಲವೆಡೆ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತಿದೆ. ಶಿಬಿರ ಮುಗಿಸಿದವರು ನವಜೀವನ ಸಮಿತಿಗಳಲ್ಲಿ ಸೇರಿ ಒಬ್ಬರಿಗೊಬ್ಬರು ಧೈರ್ಯ ತುಂಬುತ್ತಾರೆ.

ಬಿಟ್ಟವರು ಮತ್ತೊಮ್ಮೆ ಎಡವಬಹುದು. ವ್ರತದಲ್ಲಿ ಅತಿಚಾರವಾದಾಗ ಶ್ರಾವಕನು ದೋಷವನ್ನು ಒಪ್ಪಿಕೊಂಡು, ಪ್ರತಿಕ್ರಮಣ ಮಾಡಿ, ಮತ್ತೆ ವ್ರತದಲ್ಲಿ ನಿಲ್ಲುತ್ತಾನೆ. ವ್ಯಸನಮುಕ್ತಿಯ ದಾರಿಯೂ ಹಾಗೆಯೇ. ಎಡವಿದ ದಿನವೇ ವೈದ್ಯರಿಗೆ ತಿಳಿಸಿ ಚಿಕಿತ್ಸೆ ಮುಂದುವರಿಸಬೇಕು; ಮನೆಯವರು ಹಳೆಯದನ್ನು ಕೆದಕದೆ ಜೊತೆಗಿರಬೇಕು.

ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446. ಮನಸ್ಸು ಕುಗ್ಗಿದವರು, ಕುಟುಂಬದವರೂ ಸೇರಿ, ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಎರಡೂ ಉಚಿತ.