ಶನಿವಾರದ ಆಟ, ಭಾನುವಾರದ ಕೆಲಸ

2017ರ ವಸಂತದ ಹೊತ್ತಿಗೆ ಅಮೆರಿಕದ ವಾಷಿಂಗ್ಟನ್ ರಾಜ್ಯದ ಇಬ್ಬರು ಕಾಲೇಜು ಆಟಗಾರರು ವೃತ್ತಿಪರ ಫುಟ್‌ಬಾಲ್‌ನ ಬಾಗಿಲಲ್ಲಿ ನಿಂತಿದ್ದರು. ಸಿಯಾಟಲ್‌ನ ದೊಡ್ಡ ವಿಶ್ವವಿದ್ಯಾಲಯದಿಂದ ಬಂದ ಜಾನ್ ರಾಸ್ 40 ಗಜವನ್ನು, ಅಂದರೆ ಸುಮಾರು 36.6 ಮೀಟರನ್ನು, 4.22 ಸೆಕೆಂಡಿನಲ್ಲಿ ಓಡಿ ದಾಖಲೆ ಮಾಡಿದರು. ಕೆಳ ದರ್ಜೆಯಲ್ಲಿ ಆಡುವ ಈಸ್ಟರ್ನ್ ವಾಷಿಂಗ್ಟನ್ ತಂಡದ ಕೂಪರ್ ಕಪ್‌ಗೆ ಅಷ್ಟೇ ದೂರಕ್ಕೆ 4.62 ಸೆಕೆಂಡು ಬೇಕಾಯಿತು. ಇಬ್ಬರೂ ರಿಸೀವರ್‌ಗಳು, ಎಸೆದ ಚೆಂಡನ್ನು ಹಿಡಿದು ಓಡುವವರು. ರಾಸ್ ಅವರನ್ನು ಸಿನ್ಸಿನಾಟಿ ಬೆಂಗಾಲ್ಸ್ ತಂಡ 9ನೆಯವರಾಗಿ ಆರಿಸಿಕೊಂಡಿತು. ಕಪ್ ಅವರನ್ನು ಲಾಸ್ ಏಂಜಲೀಸ್ ರ‍್ಯಾಮ್ಸ್ 69ನೆಯವರಾಗಿ. 2021ರ ಋತುವಿನಲ್ಲಿ ಕಪ್ ಚೆಂಡು ಹಿಡಿದು 1,947 ಗಜ ಗಳಿಸಿ, ಅದರಲ್ಲಿ ಇಡೀ ಲೀಗಿಗೆ ಮೊದಲಿಗರಾದರು. ಆ ಋತುವಿನ ಅಂತಿಮ ಪಂದ್ಯವಾದ ಸೂಪರ್ ಬೌಲ್‌ನಲ್ಲಿ ರ‍್ಯಾಮ್ಸ್ ಗೆದ್ದಾಗ ಪಂದ್ಯಶ್ರೇಷ್ಠರೂ ಅವರೇ. ಎದುರಿಗೆ ಸೋತು ನಿಂತದ್ದು ಬೆಂಗಾಲ್ಸ್. ಗಾಯಗಳಿಂದ ಬಳಲಿದ ರಾಸ್ ಅಷ್ಟರಲ್ಲಿ ಆ ತಂಡ ಬಿಟ್ಟಾಗಿತ್ತು.

ಇದನ್ನು ಓದಿ ಆಯ್ಕೆದಾರರು ಪೆದ್ದರು ಎಂದುಕೊಳ್ಳುವುದು ಸುಲಭ. ಅವರು ಪೆದ್ದರಲ್ಲ. ವರ್ಷವಿಡೀ ಕಾಲೇಜಿನಿಂದ ಕಾಲೇಜಿಗೆ ಅಲೆದು, ಒಬ್ಬ ಹುಡುಗನ ನೂರಾರು ಆಟದ ತುಣುಕುಗಳನ್ನು ಮತ್ತೆ ಮತ್ತೆ ನೋಡುವ ಜನ. ತೊಂದರೆ ಬೇರೆ ಕಡೆ ಇದೆ. ಶನಿವಾರ ಆಡುವ ಕಾಲೇಜು ಫುಟ್‌ಬಾಲ್ ಮತ್ತು ಭಾನುವಾರ ಆಡುವ ವೃತ್ತಿಪರ ಲೀಗಿನ, ಅಂದರೆ ಎನ್‌ಎಫ್‌ಎಲ್ ಫುಟ್‌ಬಾಲ್ ಮೇಲ್ನೋಟಕ್ಕೆ ಒಂದೇ ಆಟ. ಒಳಗೆ ಹೊಕ್ಕರೆ ಎರಡು ಬೇರೆ ಬೇರೆ ಉದ್ಯೋಗಗಳು. ಜೊತೆಗೆ, ಹುಡುಗ ಯಾರ ಕೈಗೆ ಬೀಳುತ್ತಾನೆ ಎನ್ನುವುದು ಅವನ ಪ್ರತಿಭೆಯಷ್ಟೇ ತೂಗುತ್ತದೆ.

ಮೊದಲು ಲೆಕ್ಕ ನೋಡೋಣ. ಅಮೆರಿಕದ ಹೈಸ್ಕೂಲುಗಳಲ್ಲಿ ಫುಟ್‌ಬಾಲ್ ಆಡುವ ಹುಡುಗರು ಸುಮಾರು ಹತ್ತು ಲಕ್ಷ. ಕಾಲೇಜು ಕ್ರೀಡೆಯನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಅಂದಾಜಿನಂತೆ, ಪ್ರತಿ ವರ್ಷ ವೃತ್ತಿಪರ ಆಯ್ಕೆಗೆ ಅರ್ಹರಾಗುವ ಕಾಲೇಜು ಆಟಗಾರರು ಸುಮಾರು 16,000. ಅವರಲ್ಲಿ ಆಯ್ಕೆಯಾಗುವವರು ಇನ್ನೂರೈವತ್ತರ ಆಸುಪಾಸು, ಅಂದರೆ ನೂರಕ್ಕೆ ಇಬ್ಬರೂ ಇಲ್ಲ. ಆಯ್ಕೆಯಾದ ಮಾತ್ರಕ್ಕೆ ಕೆಲಸ ಸಿಕ್ಕಿತು ಅಂತಲೂ ಅಲ್ಲ. ಬೇಸಿಗೆಯ ಶಿಬಿರಕ್ಕೆ ಪ್ರತಿ ತಂಡ 90 ಜನರನ್ನು ಕರೆಸುತ್ತದೆ. ಆಗಸ್ಟ್ ಕೊನೆಯಲ್ಲಿ ಉಳಿಸಿಕೊಳ್ಳುವುದು 53 ಜನರನ್ನು. ಉಳಿದವರಿಗೆ ಒಂದು ದೂರವಾಣಿ ಕರೆ ಬರುತ್ತದೆ, ಅಷ್ಟೆ.

ಆಯ್ಕೆಯ ವಿಧಾನಕ್ಕೆ ಡ್ರಾಫ್ಟ್ ಎನ್ನುತ್ತಾರೆ. ಐಪಿಎಲ್ ಹರಾಜಿನಂತೆ ಇಲ್ಲಿ ಯಾರೂ ಬೆಲೆ ಕೂಗುವುದಿಲ್ಲ. 32 ತಂಡಗಳು ಸರದಿಯ ಪ್ರಕಾರ ಒಬ್ಬೊಬ್ಬರನ್ನೇ ಹೆಸರಿಸುತ್ತವೆ. ಹಿಂದಿನ ಋತುವಿನಲ್ಲಿ ಕೊನೆಯಲ್ಲಿದ್ದ ತಂಡಕ್ಕೆ ಮೊದಲ ಸರದಿ. ಹೀಗೆ ಏಳು ಸುತ್ತು. ಹೈಸ್ಕೂಲು ಮುಗಿಸಿ ಮೂರು ವರ್ಷ ಕಳೆದಿರಬೇಕೆಂಬ ನಿಯಮವಿದೆ. 2004ರಲ್ಲಿ ಮಾರಿಸ್ ಕ್ಲಾರೆಟ್ ಎಂಬ ಆಟಗಾರ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ, ಮೊದಲು ಗೆದ್ದು, ಮೇಲ್ಮನವಿಯಲ್ಲಿ ಸೋತರು. ಡ್ರಾಫ್ಟ್ ಪದ್ಧತಿ ಶುರುವಾದದ್ದು 1936ರಲ್ಲಿ. ಮೊಟ್ಟಮೊದಲು ಹೆಸರಿಸಲ್ಪಟ್ಟ ಜೇ ಬರ್ವ್ಯಾಂಗರ್ ವೃತ್ತಿಪರರಾಗಿ ಒಂದು ಪಂದ್ಯವನ್ನೂ ಆಡಲಿಲ್ಲ.

ಡ್ರಾಫ್ಟಿಗೆ ಮೊದಲು ಇಂಡಿಯಾನಾಪೊಲಿಸ್‌ನಲ್ಲಿ ಕಂಬೈನ್ ಎಂಬ ಪರೀಕ್ಷೆ ನಡೆಯುತ್ತದೆ. ಮುನ್ನೂರಕ್ಕೂ ಹೆಚ್ಚು ಹುಡುಗರು ಓಡುತ್ತಾರೆ, ಜಿಗಿಯುತ್ತಾರೆ, 102 ಕಿಲೋ ಭಾರವನ್ನು ಎದೆಯಿಂದ ಎಷ್ಟು ಸಲ ಎತ್ತಬಲ್ಲರೆಂದು ತೋರಿಸುತ್ತಾರೆ. ಟಿವಿಯಲ್ಲಿ ಕಾಣುವುದು ಇದು. ತಂಡಗಳಿಗೆ ಹೆಚ್ಚು ಬೇಕಾದದ್ದು ಕ್ಯಾಮೆರಾ ಇಲ್ಲದ ಕೋಣೆಗಳಲ್ಲಿ ನಡೆಯುತ್ತದೆ: ವೈದ್ಯರ ತಪಾಸಣೆ, ತರಬೇತುದಾರರೊಂದಿಗೆ ಮಾತುಕತೆ. ಹಳೆಯ ಮೊಣಕಾಲಿನ ಪೆಟ್ಟು ಎಷ್ಟರಮಟ್ಟಿಗೆ ವಾಸಿಯಾಗಿದೆ ಎನ್ನುವುದು ಒಂದು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ದೊಡ್ಡ ಸುದ್ದಿ. ಓಟದ ಸಮಯಕ್ಕೆ ನಾನು ಕೊಡುವ ಬೆಲೆ ಇಷ್ಟೇ: ತೀರಾ ನಿಧಾನವಿದ್ದರೆ ಬಾಗಿಲು ಮುಚ್ಚಬಹುದು, ತುಂಬಾ ವೇಗವಿದ್ದರೆ ಒಳಗೆ ಕೂರಲು ಕುರ್ಚಿ ಸಿಗುತ್ತದೆಂಬ ಖಾತ್ರಿಯಿಲ್ಲ. ಟಾಮ್ ಬ್ರೇಡಿ 2000ದಲ್ಲಿ 5.28 ಸೆಕೆಂಡಿನಲ್ಲಿ ಓಡಿ 199ನೆಯವರಾಗಿ ಆಯ್ಕೆಯಾದರು. ಏಳು ಸೂಪರ್ ಬೌಲ್ ಗೆದ್ದರು.

ಈಗ ಎರಡು ಆಟಗಳ ವ್ಯತ್ಯಾಸಕ್ಕೆ ಬರೋಣ, ನೋಡುವವರು ಸಾಮಾನ್ಯವಾಗಿ ಗಮನಿಸದೆ ಬಿಡುವುದು ಇದನ್ನೇ. ಮೈದಾನದ ಉದ್ದಕ್ಕೂ ಎರಡು ಸಾಲು ಸಣ್ಣ ಗೆರೆಗಳಿರುತ್ತವೆ. ಪ್ರತಿ ಸಲ ಚೆಂಡನ್ನು ಆ ಸಾಲುಗಳ ಮೇಲೋ ನಡುವೆಯೋ ಇಟ್ಟು ಆಟ ಶುರುಮಾಡುತ್ತಾರೆ. ಕಾಲೇಜಿನಲ್ಲಿ ಆ ಸಾಲುಗಳ ಅಂತರ 40 ಅಡಿ, ಎನ್‌ಎಫ್‌ಎಲ್‌ನಲ್ಲಿ 18 ಅಡಿ 6 ಅಂಗುಲ. ಕಾಲೇಜಿನಲ್ಲಿ ಚೆಂಡು ಒಂದು ಪಕ್ಕಕ್ಕೆ ಬಿದ್ದರೆ ಇನ್ನೊಂದು ಪಕ್ಕ ಬಯಲಾಗಿ ತೆರೆದುಕೊಳ್ಳುತ್ತದೆ, ರಿಸೀವರ್ ಸಲೀಸಾಗಿ ತಪ್ಪಿಸಿಕೊಳ್ಳುತ್ತಾನೆ. ವೃತ್ತಿಪರ ಮೈದಾನದಲ್ಲಿ ಆ ಬಯಲಿಲ್ಲ. ಗೆರೆಯಂಚಿನಲ್ಲಿ ಚೆಂಡು ಹಿಡಿಯುವಾಗ ಕಾಲೇಜಿನಲ್ಲಿ ಒಂದು ಪಾದ ಒಳಗಿದ್ದರೆ ಸಾಕು, ಎನ್‌ಎಫ್‌ಎಲ್‌ನಲ್ಲಿ ಎರಡೂ ಬೇಕು. ಕಾಲೇಜಿನ ರಕ್ಷಕ ಚೆಂಡು ಗಾಳಿಯಲ್ಲಿರದಿದ್ದಾಗ ರಿಸೀವರ್‌ನನ್ನು ಕೈಯಿಂದ ತಡೆಯಬಹುದು. ಎನ್‌ಎಫ್‌ಎಲ್‌ನಲ್ಲಿ ಮೊದಲ 5 ಗಜ ದಾಟಿದ ಮೇಲೆ ಮುಟ್ಟಿದರೆ ದಂಡ. ಮೈಕೈ ಬಳಸಿಯೇ ಹೆಸರು ಮಾಡಿದ ರಕ್ಷಕ ವೃತ್ತಿಪರ ಆಟಕ್ಕೆ ಬಂದ ಮೊದಲ ವರ್ಷ ಪೀಪಿಯ ಸದ್ದು ಕೇಳಿಯೇ ಸುಸ್ತಾಗುತ್ತಾನೆ.

ಎಲ್ಲಕ್ಕಿಂತ ಕಷ್ಟ ಕ್ವಾರ್ಟರ್‌ಬ್ಯಾಕ್‌ನದು, ಚೆಂಡು ಎಸೆಯುವ, ಆಟ ನಡೆಸುವ ಹುಡುಗನದು. ಕಾಲೇಜಿನಲ್ಲಿ ಅನೇಕ ತಂಡಗಳು ಮಾಡುವುದೇನೆಂದರೆ, ಬದಿಯಲ್ಲಿ ನಿಂತ ತರಬೇತುದಾರ ಎದುರಾಳಿಯ ವ್ಯೂಹ ನೋಡಿ ಸನ್ನೆ ಕಳಿಸುತ್ತಾನೆ, ಹುಡುಗ ಒಂದೋ ಎರಡೋ ಕಡೆ ನೋಡಿ ಎಸೆಯುತ್ತಾನೆ. ಬಲಿಷ್ಠ ಕಾಲೇಜುಗಳಲ್ಲಿ ಅವನ ರಿಸೀವರ್‌ಗಳು ಎದುರಾಳಿಗಿಂತ ಎಷ್ಟೋ ಮೇಲಿರುವುದರಿಂದ, ಅವರು ರಕ್ಷಕರಿಂದ ತಪ್ಪಿಸಿಕೊಂಡ ಮೇಲೆ ಎಸೆದರೂ ನಡೆಯುತ್ತದೆ. ಎನ್‌ಎಫ್‌ಎಲ್‌ನಲ್ಲಿ ಅವರು ತಪ್ಪಿಸಿಕೊಳ್ಳುವ ಮೊದಲೇ ಚೆಂಡು ಕೈಬಿಟ್ಟಿರಬೇಕು. ವ್ಯೂಹವನ್ನು ಅವನೇ ಓದಬೇಕು, ಆ ವ್ಯೂಹವಾದರೋ ಚೆಂಡು ಮುಟ್ಟಿದ ಕ್ಷಣ ಬದಲಾಗುತ್ತದೆ.

ಸ್ಯಾನ್ ಫ್ರಾನ್ಸಿಸ್ಕೊ 49ಅರ್ಸ್ ತಂಡದ ಎರಡು ಆಯ್ಕೆಗಳನ್ನು ಪಕ್ಕಪಕ್ಕ ಇಟ್ಟರೆ ಇಡೀ ಸಮಸ್ಯೆ ಕಣ್ಣಿಗೆ ಕಟ್ಟುತ್ತದೆ. 2021ರಲ್ಲಿ ಟ್ರೇ ಲ್ಯಾನ್ಸ್ ಎಂಬ ಕ್ವಾರ್ಟರ್‌ಬ್ಯಾಕ್‌ಗಾಗಿ ಆ ತಂಡ ಮೂರು ವರ್ಷಗಳ ಮೊದಲ ಸುತ್ತಿನ ಆಯ್ಕೆಯ ಹಕ್ಕನ್ನು, ಜೊತೆಗೊಂದು ಮೂರನೇ ಸುತ್ತಿನ ಹಕ್ಕನ್ನು ಬೇರೆ ತಂಡಕ್ಕೆ ಬಿಟ್ಟುಕೊಟ್ಟು 3ನೇ ಸ್ಥಾನಕ್ಕೆ ಏರಿತು. ತೋಳಿನ ಬಲ, ಓಟ, ಎತ್ತರ ಎಲ್ಲವೂ ಇತ್ತು. ಆದರೆ ಕೆಳ ದರ್ಜೆಯ ನಾರ್ತ್ ಡಕೋಟ ಸ್ಟೇಟ್‌ನಲ್ಲಿ ಅವರು ಪೂರ್ತಿಯಾಗಿ ಆಡಿದ್ದು ಒಂದೇ ಋತು. ಮರುವರ್ಷ ಅದೇ ತಂಡ 262 ಆಯ್ಕೆಗಳಲ್ಲಿ ಕಟ್ಟಕಡೆಯವರಾಗಿ ಬ್ರಾಕ್ ಪರ್ಡಿಯನ್ನು ಹೆಸರಿಸಿತು. ಅಯೋವ ಸ್ಟೇಟ್‌ನಲ್ಲಿ ನಾಲ್ಕು ವರ್ಷ ಆಡಿ ಪಳಗಿದ್ದವರು, ನೋಡಲು ಸಾಧಾರಣ ಮೈಕಟ್ಟು. 2022ರಲ್ಲಿ ಲ್ಯಾನ್ಸ್ ಗಾಯಗೊಂಡರು, ಅವರ ಜಾಗಕ್ಕೆ ಬಂದ ಜಿಮ್ಮಿ ಗರಾಪಲೋ ಕೂಡ ಗಾಯಗೊಂಡರು, ಪರ್ಡಿಗೆ ಬಾಗಿಲು ತೆರೆಯಿತು. 2024ರ ಫೆಬ್ರವರಿಯಲ್ಲಿ ಅವರು ತಂಡವನ್ನು ಸೂಪರ್ ಬೌಲ್‌ವರೆಗೆ ತಂದಿದ್ದರು. ಅಷ್ಟು ಹೊತ್ತಿಗೆ ಲ್ಯಾನ್ಸ್ ನಾಲ್ಕನೇ ಸುತ್ತಿನ ಒಂದೇ ಹಕ್ಕಿಗೆ ಡಲ್ಲಾಸ್‌ಗೆ ಹೋಗಿ ಆಗಿತ್ತು.

ಇದರಲ್ಲಿ ಪರ್ಡಿಯ ಜಾಣತನ ಎಷ್ಟು, ಬೇರೆಯವರ ಗಾಯದ ಪಾಲು ಎಷ್ಟು, ಚೆಂದದ ಆಟದ ಯೋಜನೆ ರೂಪಿಸುವ ತರಬೇತುದಾರ ಕೈಲ್ ಶನಹಾನ್ ಅವರ ಪಾಲು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ. ಆದರೆ ಒಂದು ಗಮನಿಸಿ: ಲ್ಯಾನ್ಸ್, ಪರ್ಡಿ ಇಬ್ಬರೂ ಒಂದೇ ಮನೆಯವರು, ಒಂದೇ ಗುರುವಿನ ಶಿಷ್ಯರು. ಕಾಲೇಜಿನಲ್ಲಿ ಹೆಚ್ಚು ಕಾಲ ಆಡಿದ ಅನುಭವಕ್ಕೆ ನಾನು ತೋಳಿನ ಬಲಕ್ಕಿಂತ ಹೆಚ್ಚು ಅಂಕ ಕೊಡುವುದು ಈ ಕಾರಣಕ್ಕೆ. 2024ರಲ್ಲಿ ಬಂದ ಬೋ ನಿಕ್ಸ್ ಕಾಲೇಜಿನಲ್ಲಿ 61 ಪಂದ್ಯಗಳನ್ನು ಆರಂಭಿಸಿದ್ದರು. ಮೊದಲ ವರ್ಷವೇ ಡೆನ್ವರ್ ತಂಡವನ್ನು ಪ್ಲೇಆಫ್‌ಗೆ ಒಯ್ದರು. 2017ರಲ್ಲಿ ಷಿಕಾಗೋ 2ನೆಯವರಾಗಿ ಆರಿಸಿದ ಮಿಚೆಲ್ ಟ್ರುಬಿಸ್ಕಿ ಕಾಲೇಜಿನಲ್ಲಿ ಆರಂಭಿಸಿದ್ದು 13 ಪಂದ್ಯ. ಆ ವರ್ಷ 10ನೆಯವರಾಗಿ ಹೋದ ಪ್ಯಾಟ್ರಿಕ್ ಮಹೋಮ್ಸ್, ಕ್ಯಾನ್ಸಸ್ ಸಿಟಿಯಲ್ಲಿ ಹಿರಿಯ ಕ್ವಾರ್ಟರ್‌ಬ್ಯಾಕ್ ಅಲೆಕ್ಸ್ ಸ್ಮಿತ್ ಅವರ ಹಿಂದೆ ಒಂದು ವರ್ಷ ಕುಳಿತು ಕಲಿತರು. ಅನುಭವವೇ ಮೇಲೆಂಬ ನಿಯಮಕ್ಕೂ ಅಪವಾದವಿದೆ: ಆಬರ್ನ್‌ನಲ್ಲಿ ಒಂದೇ ಋತು ಆಡಿ ಬಂದ ಕ್ಯಾಮ್ ನ್ಯೂಟನ್ ಲೀಗಿನ ಅತ್ಯುತ್ತಮ ಆಟಗಾರ ಪ್ರಶಸ್ತಿ ಪಡೆದರು.

ಸಂಶೋಧಕ ಕೇಡ್ ಮ್ಯಾಸಿ ಮತ್ತು ನೊಬೆಲ್ ಪುರಸ್ಕೃತ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಈ ಡ್ರಾಫ್ಟನ್ನೇ ಅಧ್ಯಯನಕ್ಕೆ ಎತ್ತಿಕೊಂಡಿದ್ದರು. ಮೈದಾನದ ಒಂದು ಸ್ಥಾನಕ್ಕೆ ಆರಿಸಿದ ಆಟಗಾರ, ಅದೇ ಸ್ಥಾನಕ್ಕೆ ಅವನ ನಂತರ ಆಯ್ಕೆಯಾದವನಿಗಿಂತ ಉತ್ತಮನಾಗುವ ಸಾಧ್ಯತೆ ನೂರಕ್ಕೆ ಸುಮಾರು 52 ಎಂದು ಅವರು ಕಂಡುಕೊಂಡರು. ನಾಣ್ಯ ಚಿಮ್ಮುವುದಕ್ಕಿಂತ ಕೂದಲೆಳೆಯಷ್ಟು ಮೇಲು. ಮೊದಲ ಸುತ್ತಿನವರು ಒಟ್ಟಾರೆ ಏಳನೇ ಸುತ್ತಿನವರಿಗಿಂತ ಮೇಲೆಂಬುದು ನಿಜ. ಅಕ್ಕಪಕ್ಕದ ಇಬ್ಬರಲ್ಲಿ ಒಬ್ಬನಿಗಾಗಿ ಮುಂದಿನ ವರ್ಷಗಳ ಹಕ್ಕನ್ನೆಲ್ಲ ಸುರಿಯುವುದು ಅತಿಯಾದ ಆತ್ಮವಿಶ್ವಾಸ.

ಮೇಲಿನ ಸುತ್ತಿನ ಹುಡುಗನಿಗೆ ಇನ್ನೊಂದು ಅನುಕೂಲವಿದೆ. ತಂಡ ಅವನ ಮೇಲೆ ಹಣ ಹೂಡಿರುತ್ತದೆ, ಹೂಡಿದವರ ಮರ್ಯಾದೆಯೂ ಅದರಲ್ಲಿರುತ್ತದೆ, ಹಾಗಾಗಿ ಎಡವಿದರೂ ಮತ್ತೆ ಮತ್ತೆ ಅವಕಾಶ. ಏಳನೇ ಸುತ್ತಿನವನಿಗೆ ಒಂದು ಕೆಟ್ಟ ಆಗಸ್ಟ್ ಸಾಕು. ಹಾಗೆ ಹೊರಬಿದ್ದವರಿಗೆ ಪ್ರಾಕ್ಟೀಸ್ ಸ್ಕ್ವಾಡ್ ಎಂಬ ಜಗುಲಿಯಿದೆ: ಅಭ್ಯಾಸಕ್ಕೆ ಬರಬಹುದು, 2025ರಲ್ಲಿ ವಾರಕ್ಕೆ ಕನಿಷ್ಠ 13,000 ಡಾಲರ್, ಪಂದ್ಯದ ದಿನ ಕರೆ ಬಂದರೆ ಅದೃಷ್ಟ. ಡ್ರಾಫ್ಟಿನಲ್ಲಿ ಯಾರೂ ಹೆಸರಿಸದ ಕರ್ಟ್ ವಾರ್ನರ್ ಕಿರಾಣಿ ಅಂಗಡಿಯಲ್ಲಿ ಸಾಮಾನು ಜೋಡಿಸಿ, ಒಳಾಂಗಣ ಲೀಗಿನಲ್ಲಿ ಆಡಿ, ಕೊನೆಗೆ 1999ರ ಋತುವಿನಲ್ಲಿ ಸೂಪರ್ ಬೌಲ್ ಗೆದ್ದರು. ಇಂಥವರ ಕತೆ ಎಲ್ಲರ ಬಾಯಲ್ಲಿರುವುದೇ ಅಂಥವರು ಅಪರೂಪ ಎಂಬ ಕಾರಣಕ್ಕೆ.

ಈಚಿನ ಬದಲಾವಣೆ ಹಣದ್ದು. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರು, ಚಿತ್ರ ಬಳಸಿ ಜಾಹೀರಾತಿನಿಂದ ಗಳಿಸಬಹುದು. 2025ರಿಂದ ಕಾಲೇಜುಗಳೇ ಆದಾಯದ ಪಾಲು ಕೊಡುತ್ತಿವೆ. ನಾಲ್ಕನೇ ಸುತ್ತಿಗೆ ಹೋಗಬಹುದಾದ ಹುಡುಗನಿಗೆ ಇನ್ನೊಂದು ವರ್ಷ ಕಾಲೇಜಿನಲ್ಲೇ ಉಳಿಯುವುದು ಈಗ ನಷ್ಟದ ಮಾತಲ್ಲ, ಕ್ವಾರ್ಟರ್‌ಬ್ಯಾಕ್ ಆಗಿದ್ದರಂತೂ ಲಾಭವೇ ಹೆಚ್ಚು. ಅನುಭವವೂ ಸಿಗುತ್ತದೆ. ಅದಕ್ಕೆ ತೆರುವ ಬೆಲೆ ವಯಸ್ಸು: 24ರ ಹರೆಯದವನು 19ರ ಎದುರಾಳಿಗಳನ್ನು ಉರುಳಿಸಿದ ಚಿತ್ರ ನೋಡುವಾಗ ಆಯ್ಕೆದಾರರು ಮೊದಲು ಇಬ್ಬರ ಜನ್ಮದಿನಾಂಕ ಕೇಳುತ್ತಾರೆ.