ಕಲ್ಲಡಿಯ ತೈಲ, ಮೀನಿನ ಗುಂಡಿಗೆ

ಅಲಾಸ್ಕದ ಪಿಂಕ್ ಸಾಲ್ಮನ್ ಮೀನು ಬೇಸಿಗೆಯ ಕೊನೆಗೆ ಕಡಲು ಬಿಟ್ಟು ತೊರೆಗೆ ಬರುತ್ತದೆ. ಬಾಲದಿಂದ ಜಲ್ಲಿ ಸರಿಸಿ, ಕುಳಿ ತೋಡಿ ಮೊಟ್ಟೆಯಿಡುತ್ತದೆ. ಬಟಾಣಿ ಗಾತ್ರದ ಆ ಕಿತ್ತಳೆ ಬಣ್ಣದ ಮೊಟ್ಟೆಗಳು ಚಳಿಗಾಲವಿಡೀ ಕಲ್ಲಿನ ಸಂದಿಯಲ್ಲೇ ಬಲಿಯಬೇಕು. ಆ ಸಂದಿಗೆ ತೈಲ ಇಳಿದರೆ ಮೊಟ್ಟೆಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ.

1989ರ ಮಾರ್ಚ್ 24ರಂದು ಅಲಾಸ್ಕದ ಕೊಲ್ಲಿಯಾದ ಪ್ರಿನ್ಸ್ ವಿಲಿಯಂ ಸೌಂಡ್‌ನಲ್ಲಿ ‘ಎಕ್ಸಾನ್ ವಾಲ್ಡೀಸ್’ ಟ್ಯಾಂಕರ್ ಬಂಡೆಗೆ ಬಡಿದು, ಸುಮಾರು 4 ಕೋಟಿ ಲೀಟರ್ ಕಚ್ಚಾ ತೈಲ ಸೋರಿತು. ಹಕ್ಕಿಗಳು ಲಕ್ಷಗಟ್ಟಲೆ ಸತ್ತವು. ಬಿಸಿನೀರು ಚಿಮ್ಮಿಸಿ ದಡ ತೊಳೆದರು. 1992ರಲ್ಲಿ ಆ ಕೆಲಸ ಮುಗಿಯಿತು. ಆದರೆ ಅಲೆ, ಗಾಳಿ ತಲುಪದ ಕಲ್ಲಡಿಯಲ್ಲಿ ತೈಲ ಉಳಿದೇಬಿಟ್ಟಿತ್ತು. 2001ರಲ್ಲಿ ವಿಜ್ಞಾನಿಗಳು ದಡಗಳನ್ನು ಅಗೆದಾಗ, ಎಷ್ಟೋ ಕಡೆ ಅದು ಇನ್ನೂ ಹಸಿಯಾಗಿಯೇ ಸಿಕ್ಕಿತು.

ಹಳೆಯ ತೈಲದಿಂದ ನೀರಿಗೆ ಜಿನುಗುವ ಪಾಲಿಸೈಕ್ಲಿಕ್ ಆರೊಮ್ಯಾಟಿಕ್ ಹೈಡ್ರೊಕಾರ್ಬನ್‌ಗಳೆಂಬ ವಿಷವಸ್ತುಗಳು ಕಣ್ಣಿಗೆ ಕಾಣುವುದಿಲ್ಲ. ನೂರು ಕೋಟಿ ಭಾಗ ನೀರಿನಲ್ಲಿ ಕೆಲವೇ ಭಾಗ ಇದ್ದರೂ ಭ್ರೂಣಕ್ಕೆ ಪೆಟ್ಟು ಬೀಳುತ್ತದೆ. ಕಚ್ಚಾ ತೈಲದ ಅಂಶಗಳು ಗುಂಡಿಗೆಯ ಜೀವಕೋಶಗಳಲ್ಲಿ ಕ್ಯಾಲ್ಸಿಯಂ, ಪೊಟ್ಯಾಸಿಯಂಗಳ ಓಡಾಟಕ್ಕೆ ಅಡ್ಡಿ ಮಾಡುತ್ತವೆಂದು ಟ್ಯೂನಾ ಮೀನುಗಳ ಮೇಲಿನ 2014ರ ಅಧ್ಯಯನ ತೋರಿಸಿತು. ಬಡಿತದ ಲಯ ತಪ್ಪುತ್ತದೆ. ಬೆಳೆಯುವ ಗುಂಡಿಗೆಯ ಆಕಾರವೇ ಕೆಡಬಹುದು. ಅಂಥ ಮರಿ ಬದುಕಿ ಉಳಿದರೆ, ಮೇಲುನೋಟಕ್ಕೆ ಚೆನ್ನಾಗಿಯೇ ಕಾಣಬಹುದು. ಈಜುವ ಕಸುವು ಮಾತ್ರ ಕಡಿಮೆ. ಮೊಟ್ಟೆಯಲ್ಲಿದ್ದಾಗ ತೈಲ ತಾಗಿದ ಸಾಲ್ಮನ್ ಮರಿಗಳನ್ನು ಗುರುತು ಹಾಕಿ ಕಡಲಿಗೆ ಬಿಟ್ಟಾಗ, ದೊಡ್ಡವಾಗಿ ಮರಳಿದವು ಕಡಿಮೆ. ಕಡಲಿನಲ್ಲಿ ಕಾಣೆಯಾದ ಮೀನನ್ನು ತೈಲದ ಲೆಕ್ಕಕ್ಕೆ ಬರೆಯುವವರು ಯಾರು?

ಚಿಪ್ಪುಮೀನಿಗಾಗಿ ದಡದ ಮಣ್ಣು ಕೆದಕುವ ಕಡಲ ನೀರುನಾಯಿಗಳು ಚೇತರಿಸಿಕೊಳ್ಳಲು ಎರಡು ದಶಕಕ್ಕೂ ಹೆಚ್ಚು ಕಾಲ ಹಿಡಿಯಿತು. ‘ಎಟಿ1’ ಎಂದು ಗುರುತಿಸುವ ಓರ್ಕಾ ತಿಮಿಂಗಿಲಗಳ ಬಳಗದಲ್ಲಿ ಸೋರಿಕೆಗೆ ಮುನ್ನ 22 ಇದ್ದವು. ಆಮೇಲೆ ಆ ಬಳಗದಲ್ಲಿ ಒಂದು ಮರಿಯೂ ಹುಟ್ಟಿಲ್ಲ.

ಸಮುದ್ರ ಸೇರುವ ತೈಲವೆಲ್ಲ ಟ್ಯಾಂಕರ್ ಒಡೆದೇ ಬರಬೇಕಿಲ್ಲ. ಮಳೆನೀರು ರಸ್ತೆಯಿಂದ ತೊಳೆದು ತರುವ ಎಣ್ಣೆ, ದೋಣಿಯ ತಳದಿಂದ ಹೊರಹಾಕುವ ಎಣ್ಣೆನೀರು ಯಾವ ಸುದ್ದಿಯೂ ಆಗದೆ ದಿನದಿನವೂ ಸೇರುತ್ತಲೇ ಇರುತ್ತದೆ. ಮಳೆಗಾಲದ ಆಸುಪಾಸಿನಲ್ಲಿ ಗೋವಾ, ಕರ್ನಾಟಕದ ತೀರಕ್ಕೆ ಡಾಂಬರು ಉಂಡೆಗಳು ಬಂದು ಬೀಳುವುದೂ ಹೊಸದಲ್ಲ. ಮರಳು ಗುಡಿಸಿದರೆ ಕಡಲತೀರ ಚೊಕ್ಕಟವಾಗಬಹುದು, ಕಡಲಲ್ಲ. ನಮ್ಮ ಬಂದರುಗಳಲ್ಲಿ ಸುಟ್ಟ ಎಣ್ಣೆಯನ್ನು ದಡದಲ್ಲೇ ಒಪ್ಪಿಸಿಕೊಳ್ಳುವ ವ್ಯವಸ್ಥೆ ಬಿಗಿಯಾಗಬೇಕು. ಅಳಿವೆಗಳ ಮೀನುಮರಿ, ಮರುವಾಯಿಗಳನ್ನು ವರ್ಷವರ್ಷವೂ ಪರೀಕ್ಷಿಸಬೇಕು. ಸತ್ತ ಹಕ್ಕಿಗಳನ್ನು ಎಣಿಸಿ ಕಡತ ಮುಚ್ಚಿದರೆ, ಹುಟ್ಟದೇ ಹೋದ ಜೀವಗಳ ನಷ್ಟವನ್ನು ಮೀನುಗಾರರ ಮುಂದಿನ ತಲೆಮಾರು ತುಂಬಬೇಕಾಗುತ್ತದೆ.