ತೃಣಮಣಿಯಲ್ಲಿ ಉಳಿದ ಪ್ರಾಚೀನ ಕೀಟಲೋಕ

ಪುಣೆಯ ಖಡಕಿಯಿಂದ ವಿಜಾಪುರ, ಬೀದರ್‌ಗಳವರೆಗೆ ದಖನ್ ಪ್ರಸ್ಥಭೂಮಿಯನ್ನು ಆವರಿಸಿರುವ ಕರಿಕಲ್ಲು, ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಗರ್ಭದಿಂದ ಉಕ್ಕಿ ಹರಿದ ಲಾವಾ ಆರಿ ಗಟ್ಟಿಯಾದುದರಿಂದ ಉಂಟಾಯಿತು. ಕೀಟದ ಕೋಮಲ ಶರೀರವು ಅಂತಹ ಬೆಂಕಿಯ ಹೊನಲಿನಲ್ಲಿ ಉಳಿಯಲಾರದು. ಆದರೆ ದಕ್ಷಿಣ ಗುಜರಾತಿನಲ್ಲಿ ಈ ಶಿಲೆಗಳ ಮೇಲೆ ಅನಂತರದ ಕಾಲದಲ್ಲಿ ಲಿಗ್ನೈಟ್ ಪದರಗಳು ಶೇಖರಗೊಂಡಿವೆ. ಅವುಗಳಲ್ಲಿ ದೊರೆತ ತೃಣಮಣಿಯು ಭಾರತದ ಪ್ರಾಚೀನ ಕೀಟಜೀವನದ ಅಮೂಲ್ಯ ದಾಖಲೆಯಾಗಿದೆ.

ತೃಣಮಣಿ ಎಂದರೇನು?

ಮರದ ತೊಗಟೆಗೆ ಗಾಯವಾದಾಗ ಒಸರುವ ರಾಳವು ಮಣ್ಣಿನಡಿ ಹೂತು, ದೀರ್ಘಕಾಲದಲ್ಲಿ ಗಟ್ಟಿಯಾಗಿ ತೃಣಮಣಿ ಅಥವಾ ಆಂಬರ್ ಆಗುತ್ತದೆ. ಬಟ್ಟೆಗೆ ಉಜ್ಜಿದಾಗ ಹುಲ್ಲಿನೆಳೆಗಳನ್ನು ಆಕರ್ಷಿಸುವುದರಿಂದ ಇದಕ್ಕೆ ಈ ಹೆಸರು ಬಂದಿದೆ. ಹಸಿ ರಾಳಕ್ಕೆ ಅಂಟಿಕೊಂಡ ನುಸಿ, ಇರುವೆ, ಜೇಡಗಳು ಅದರಲ್ಲಿಯೇ ಮುಳುಗುತ್ತವೆ. ಕೊಳೆಯುವ ಕ್ರಿಯೆಗೆ ತಡೆಯುಂಟಾಗುವುದರಿಂದ ರೆಕ್ಕೆಯ ನರಗಳು, ಮೈಮೇಲಿನ ಸೂಕ್ಷ್ಮ ರೋಮಗಳು ಸಹ ಸ್ಪಷ್ಟವಾಗಿ ಉಳಿಯುತ್ತವೆ. ಕಲ್ಲಿನಲ್ಲಿ ಮೂಡಿದ ಅಚ್ಚುಗಳಲ್ಲಿ ಇಷ್ಟು ವಿವರ ದೊರೆಯುವುದು ಅಪರೂಪ.

ಸೂರತ್ ಜಿಲ್ಲೆಯ ಶೋಧನೆ

ಸೂರತ್ ಜಿಲ್ಲೆಯ ವಸ್ತಾನ್ ಹಾಗೂ ತಡಕೇಶ್ವರ ಲಿಗ್ನೈಟ್ ಗಣಿಗಳ ತೃಣಮಣಿಯು 5 ಕೋಟಿ ವರ್ಷಗಳಿಗೂ ಹಿಂದಿನದು. ಲಖನೌದ ಬೀರಬಲ್ ಸಾಹನಿ ಸಂಸ್ಥೆಯ ವಿಜ್ಞಾನಿಗಳೂ ಒಳಗೊಂಡಂತೆ ಭಾರತ, ಜರ್ಮನಿ ಮತ್ತು ಅಮೆರಿಕದ ಸಂಶೋಧಕರು ಸುಮಾರು 150 ಕಿಲೋಗ್ರಾಂ ತೃಣಮಣಿಯನ್ನು ಪರಿಶೀಲಿಸಿ, 2010ರಲ್ಲಿ ತಮ್ಮ ಫಲಿತಾಂಶಗಳನ್ನು ಪ್ರಕಟಿಸಿದರು. ಕೀಟ, ಜೇಡ ಮೊದಲಾದ 700ಕ್ಕೂ ಹೆಚ್ಚು ಸಂಧಿಪದಿಗಳು ಅದರಲ್ಲಿದ್ದವು. ಅವು 55 ಕುಟುಂಬಗಳಿಗೆ ಸೇರಿದ ಸುಮಾರು 100 ಪ್ರಭೇದಗಳಾಗಿದ್ದವು. ಗುಂಪುಗೂಡಿ ಬಾಳುವ ಗೆದ್ದಲು ಮತ್ತು ಜೇನಿನ ಬಂಧುಗಳೂ ಇವುಗಳಲ್ಲಿದ್ದವು. ಇಂತಹ ಸಂಘಜೀವನವು ಅಷ್ಟು ಹಿಂದೆಯೇ ಇಲ್ಲಿ ನೆಲೆಗೊಂಡಿತ್ತೆಂಬುದು ಇದರಿಂದ ತಿಳಿಯುತ್ತದೆ.

ಈ ರಾಳದ ರಾಸಾಯನಿಕ ರಚನೆಯು, ಪಶ್ಚಿಮ ಘಟ್ಟದ ಧೂಪದ ಮರವು ಸೇರಿರುವ ಡಿಪ್ಟೆರೊಕಾರ್ಪ್ ಕುಟುಂಬವನ್ನು ಸೂಚಿಸುತ್ತದೆ. ಎಂದರೆ, ಇಂದು ಶುಷ್ಕವಾಗಿರುವ ಆ ಪ್ರದೇಶದಲ್ಲಿ ಅಂದು ಉಷ್ಣವಲಯದ ದಟ್ಟ ಮಳೆಕಾಡು ಇದ್ದಿತು. ಈ ತೃಣಮಣಿಯು ದ್ರಾವಕಗಳಲ್ಲಿ ಕರಗುವುದರಿಂದ ಕೆಲವು ಕೀಟಗಳನ್ನು ಇಡಿಯಾಗಿ ಹೊರತೆಗೆಯಲು ಸಾಧ್ಯವಾಗಿರುವುದು ಮತ್ತೊಂದು ವಿಶೇಷ.

ಭೂಖಂಡದ ಚಲನೆ ಮತ್ತು ಜೀವವಿಕಾಸ

ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್‌ನಿಂದ ಬೇರ್ಪಟ್ಟ ಭಾರತವು ಉತ್ತರಕ್ಕೆ ಸರಿಯುತ್ತ ಏಷ್ಯಾ ಖಂಡವನ್ನು ಸಂಧಿಸಿತು. ದೀರ್ಘಕಾಲ ದ್ವೀಪದಂತೆ ಒಂಟಿಯಾಗಿದ್ದ ನೆಲದಲ್ಲಿ ಬೇರೆಲ್ಲಿಯೂ ಇಲ್ಲದ ಜೀವಿಗಳು ವಿಕಾಸಗೊಂಡಿರಬೇಕೆಂಬುದು ಸಹಜ ನಿರೀಕ್ಷೆ. ಆದರೆ ವಸ್ತಾನ್‌ನ ಅನೇಕ ಕೀಟಗಳು ಯುರೋಪ್, ಏಷ್ಯಾ, ಆಸ್ಟ್ರೇಲಿಯ, ಮಧ್ಯ ಅಮೆರಿಕಗಳ ಕೀಟಗಳಿಗೆ ಬಂಧುಗಳಾಗಿ ಕಂಡುಬಂದವು. ಭೂಭಾಗಗಳು ಪೂರ್ಣವಾಗಿ ಕೂಡಿಕೊಳ್ಳುವ ಮೊದಲೇ, ನಡುವಣ ದ್ವೀಪಗಳ ಮೂಲಕ ಕೀಟಗಳು ಬಂದು ಹೋಗಿರಬಹುದೆಂದು ವಿಜ್ಞಾನಿಗಳು ಅಭಿಪ್ರಾಯಪಡುತ್ತಾರೆ.

ಸಾಕ್ಷ್ಯದ ಮಿತಿ

ರಾಳದಿಂದ ಬಿಡಿಸಿಕೊಳ್ಳಬಲ್ಲ ದೊಡ್ಡ ಕೀಟಗಳು ಈ ದಾಖಲೆಯಲ್ಲಿ ವಿರಳ. ತೃಣಮಣಿಯ ಕೀಟಗಳಿಂದ ಕೋಟ್ಯಂತರ ವರ್ಷಗಳಷ್ಟು ಹಳೆಯ ಡಿಎನ್ಎ ದೊರೆಯಿತೆಂಬ 1990ರ ದಶಕದ ವರದಿಗಳು ಮರುಪರೀಕ್ಷೆಯಲ್ಲಿ ನಿಲ್ಲಲಿಲ್ಲ. ಆದುದರಿಂದ ಕೀಟದ ಆಕಾರವೇ ಇಲ್ಲಿ ಮುಖ್ಯ ಆಧಾರ.

ಲಿಗ್ನೈಟನ್ನು ತೆಗೆಯುವುದು ಉರುವಲಿಗಾಗಿ. ಗಣಿಗಾರಿಕೆಯಿಂದಲೇ ಈ ಪದರಗಳು ಬೆಳಕಿಗೆ ಬಂದವು. ಆದರೆ ಆರಿಸಿ ತೆಗೆಯದ ತೃಣಮಣಿಯು ಉರುವಲಿನೊಡನೆ ಬೂದಿಯಾಗುತ್ತದೆ. ಹಾಗೆ ಅಳಿದ ಪುರಾವೆಯನ್ನು ಮತ್ತೆ ಪಡೆಯಲಾಗದು. ಗಣಿ ಮತ್ತು ಪ್ರಯೋಗಾಲಯಗಳ ನಡುವಣ ಸಹಕಾರವು ಈ ಕಾರಣದಿಂದ ಅತ್ಯಗತ್ಯ.